ಅಪ್ಪನ ಜೀಪಿಗೆ ದಮ್ಮು ತುಂಬಿದ್ದು

ಬೈಲಹೊಂಗಲದ ಬಜಾರದಲ್ಲಿ ಪಂಪ್‌ಸೆಟ್ಟಿನ ಬಿಡಿಭಾಗ ಮಾರುವ ನನಗೆ ಎಂಜಿನ್ನಿನ ಬಗ್ಗೆ ಗೊತ್ತಿಲ್ಲದ ಸಂಗತಿಯೇ ಇಲ್ಲ ಎಂದು ಒಂದು ಕಾಲದಲ್ಲಿ ಇಡೀ ಊರು ನಂಬಿತ್ತು. ಇಡೀ ಊರು ಎಂದರೆ ನಾನು.

ಮೊಬೈಲು ಆಗಷ್ಟೇ ಬಂದಿತ್ತು. ಬೇರೆಯವರು ಕರೆ ಮಾಡಿದರೂ ನಮ್ಮ ದುಡ್ಡು ಹೋಗುತ್ತಿದ್ದ ಕಾಲ. ಅಪ್ಪ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಅವನು ನನಗೆ ಬಿಟ್ಟುಹೋದದ್ದು ಮಿಲಿಟರಿ ಹರಾಜಿನಲ್ಲಿ ಕೊಂಡ ಹಳೆಯ ಪೆಟ್ರೋಲ್ ಜೀಪು, ರಾಮದುರ್ಗದ ಕಡೆ ಕಲ್ಲುಗುಡ್ಡದ ನೆತ್ತಿಯಲ್ಲೊಂದು ಹೊಲ, ಮತ್ತು ಒಂದು ಮಾತು: “ಎಂಜಿನ್ನಿಗೆ ದಮ್ಮಿಲ್ಲ.”

ಆ ಹೊಲದ ಏರು ಬಲು ಕಡಿದು. ಏರಿನ ಬುಡಕ್ಕೆ ಬಂದೊಡನೆ ಅಪ್ಪ ಜೀಪು ನಿಲ್ಲಿಸಿ ಈ ಮಾತನ್ನು ಘೋಷಿಸುತ್ತಿದ್ದ. ಅವ್ವ ಇಳಿಯುತ್ತಿದ್ದಳು. ಸೀಟಿನ ಕೆಳಗಿದ್ದ ಒಡೆದ ರುಬ್ಬುಗುಂಡನ್ನು ಬಗಲಿಗೆ ಸಿಕ್ಕಿಸಿಕೊಂಡು ಜೀಪಿನ ಹಿಂದೆ ನಡೆಯುತ್ತಿದ್ದಳು. ಜೀಪು ನಡುದಾರಿಯಲ್ಲಿ ಉಸ್ಸೆಂದು ನಿಂತಾಗಲೆಲ್ಲ ಹಿಂದಿನ ಗಾಲಿಗೆ ಗುಂಡು ಕೊಡುವುದು ಅವಳ ಕೆಲಸ. ನಮ್ಮ ಮನೆಯ ಸರಕಾರದಲ್ಲಿ ಅಪ್ಪ ಸ್ಟೇರಿಂಗ್ ಮಂತ್ರಿ, ಅವ್ವ ಗುಂಡಿನ ಮಂತ್ರಿ. ಆ ಏರಿನಲ್ಲಿ ಅಪ್ಪ ಯಾರ ಕೈಗೂ ಸ್ಟೇರಿಂಗ್ ಕೊಟ್ಟವನಲ್ಲ.

ಅಪ್ಪನನ್ನು ಅದೇ ಹೊಲದಲ್ಲಿ ಮಣ್ಣು ಮಾಡಿದ್ದೆವು. ಅವ್ವನ ಮೊಣಕಾಲು ಅಷ್ಟರಲ್ಲಿ ಸೋತಿತ್ತು. “ವರ್ಷದ ಪೂಜಾಕ ಒಮ್ಮೆ ಅವರ ಹತ್ರ ಒಯ್ಯಪಾ. ಮತ್ತೇನೂ ಕೇಳೂದಿಲ್ಲ,” ಎಂದಿದ್ದಳು.

ಅವ್ವ ನಡೆಯಲಾರಳು. ಜೀಪಿನಲ್ಲೇ ಹತ್ತಬೇಕು. ಎಂಜಿನ್ನಿಗೆ ದಮ್ಮಿಲ್ಲ. ಆದ್ದರಿಂದ ದಮ್ಮು ತುಂಬಬೇಕು! ನನ್ನ ತರ್ಕ ಎಷ್ಟು ನಿರ್ಮಲವಾಗಿತ್ತೆಂದರೆ, ಜೀಪನ್ನು ಒಮ್ಮೆ ಏರಿಗೆ ಒಯ್ದು ನೋಡೋಣ ಎಂಬ ಕ್ಷುದ್ರ ವಿಚಾರ ಅದರ ಹತ್ತಿರವೂ ಸುಳಿಯಲಿಲ್ಲ.

ರದ್ದಿ ಅಂಗಡಿಯಲ್ಲಿ ಸಿಕ್ಕ ಇಂಗ್ಲಿಷ್ ಮೋಟಾರು ಮಾಸಿಕವೊಂದು ನನ್ನ ಗುರುವಾಯಿತು. ಗುಡ್ಡ ಹತ್ತುವ ಗಾಡಿಗಳ ಎಂಜಿನ್ನಿನಲ್ಲಿ ಪಿಸ್ಟನ್ನು ಏರಿಳಿಯುವ ದೂರವನ್ನು, ಅಂದರೆ ಸ್ಟ್ರೋಕನ್ನು ಹೆಚ್ಚಿಸುವುದು ಹೇಗೆಂದು ಅದರಲ್ಲಿತ್ತು. ಲೇಖನದ ಉತ್ತರಾರ್ಧ ಮಾತ್ರ ಭಜಿ ಕಟ್ಟಲು ಹೋಗಿತ್ತು. ಎಚ್ಚರಿಕೆಯ ಮಾತುಗಳೆಲ್ಲ ಆ ಭಜಿಗೇ ಸುತ್ತಿಕೊಂಡು ಹೋಗಿರಬೇಕು.

ಹೆಂಡತಿ ಶಾಂತವ್ವನಿಗೆ ತಿಳಿಸಿ ಹೇಳಿದೆ. “ನೀ ಬೋರಿಂಗ್ ಹೊಡಿತಿ ಅಲ್ಲ, ಹಿಡಿಕಿ ಗಿಡ್ಡ ಗಿಡ್ಡ ಆಡಿಸಿದ್ರ ನೀರು ತಟಕ್ ತಟಕ್ ಬರತೈತಿ. ಪೂರಾ ಎತ್ತಿ ಪೂರಾ ಒತ್ತಿದ್ರ ಭಸ್ ಅಂತ ಬರತೈತಿ. ಜೀಪಿಗೂ ಹಂಗ ಮಾಡೂದು.”

“ಹೌದ್ರಿ? ಹಂಗಾರ ಮದಲ ನಾಕ ಕೊಡ ನೀರ ಹೊಡದ ಬರ್ರಿ. ಸ್ಟ್ರೋಕ್ ರೂಢಿ ಆಗ್ಲಿ.”

ಸವದತ್ತಿ ರಸ್ತೆಯ ಮೆಕ್ಯಾನಿಕ್ ರಾಜೇಸಾಬ ನನಗಿಂತ ಉತ್ಸಾಹಿ. ಎಷ್ಟೋ ವರ್ಷದಿಂದ ಟೆಂಪೋಗಳ ಬ್ರೇಕನ್ನಷ್ಟೇ ಬಿಗಿಯುತ್ತ ಬೇಸತ್ತಿದ್ದ. “ಬಿಚ್ಚೂಣು ಭಾಯಿ! ನನ್ನ ಕೈ ಕಡಿಯಾಕ ಹತ್ತಿದ್ವು!” ಎಂದ. ಸಂಜೆಯೊಳಗೆ ಜೀಪಿನ ಹೊಟ್ಟೆ ಖಾಲಿ.

ಪಿಸ್ಟನ್ನುಗಳನ್ನು ಏರಿಳಿಸುವ ಕ್ರ್ಯಾಂಕನ್ನು ಕಿತ್ತೂರಿನ ಹೈವೇ ಪಕ್ಕದ ಲೇಥ್ ಅಂಗಡಿಗೆ ಒಯ್ದೆವು. ಅದರ ಪಿನ್ನುಗಳಿಗೆ ವೆಲ್ಡಿಂಗ್ ತುಂಬಿಸಿ, ನಡುವಿನಿಂದ ತುಸು ಆಚೆ ಸರಿಯುವಂತೆ ಸಾಣೆ ಹಿಡಿಸಿದೆವು. ತಂದು ಕೂಡಿಸಿ ಕೈಯಿಂದ ತಿರುಗಿಸಿದರೆ, ಪಿಸ್ಟನ್ನು ಬಿಲದಿಂದ ಹೆಗ್ಗಣ ಇಣುಕಿದಂತೆ ಸಿಲಿಂಡರಿನ ಹೊರಗೆ ತಲೆ ಹಾಕಿತು! ಸ್ಟ್ರೋಕ್ ಹೆಚ್ಚಿದ್ದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ನನ್ನ ಅಂಗಡಿಯ ಪಂಪ್‌ಸೆಟ್ ಪಿಸ್ಟನ್ನುಗಳನ್ನೇ ಗಿಡ್ಡ ಮಾಡಿಸಿ ಹಾಕಿದೆವು. ಅವು ದಪ್ಪ. ಸಿಲಿಂಡರು ಕೊರೆಸಿದೆವು. ತಿರುಗಿಸಿದೆವು. ಟಕ್! ಪಿಸ್ಟನ್ನಿಗೂ ಕ್ರ್ಯಾಂಕಿಗೂ ನಡುವಿನ ಕನೆಕ್ಟಿಂಗ್ ರಾಡು ಎಂಜಿನ್ನಿನ ಒಳಗೋಡೆಗೆ ಬಡಿಯಿತು.

“ತುಸು ಕೆರದ್ರ ಆತು,” ಎಂದ ರಾಜೇಸಾಬ.

ಕೆರೆದೆವು. ಟಕ್. ಮತ್ತಷ್ಟು ಕೆರೆದೆವು. ಟಕ್ ನಿಂತಿತು. ಅದರ ಬದಲು ಗೋಡೆಯಿಂದ ಸಣ್ಣಗೆ ನೀರು ಬಂತು. ಎಂಜಿನ್ನನ್ನು ತಂಪಾಗಿಡುವ ನೀರಿನ ಕೋಣೆಗೆ ನಾವು ಬಾಗಿಲು ತೆರೆದಿದ್ದೆವು!

ಅಪ್ಪನ ವರ್ಷದ ಪೂಜೆ ಬಂದಾಗ ಜೀಪು ಇಟ್ಟಿಗೆಯ ಮೇಲೆ ನಿಂತಿತ್ತು, ಎಂಜಿನ್ನು ಕಿತ್ತೂರಿನಲ್ಲಿತ್ತು. ಅವ್ವ ಹೋಳಿಗೆ ಮಾಡಿ, ಇಳಕಲ್ ಸೀರೆ ಉಟ್ಟು ಕಟ್ಟೆಯ ಮೇಲೆ ಕೂತಿದ್ದಳು.

“ಆತೇನಪಾ?”

“ಇನ್ನೂ ಇಲ್ಲವ್ವಾ. ಬಾಡಿಗಿ ಗಾಡಿ ತರಲೇನ?”

“ಬ್ಯಾಡ. ಅವರ ಜೀಪಿನ್ಯಾಗ ಹೋಗೂಣು. ಸಪ್ಪಳ ಕೇಳಿದ್ರ ಅವರಿಗೆ ಗೊತ್ತಾಕ್ಕೈತಿ, ನಾ ಬಂದೆ ಅಂತ.” ಒಳಗೆ ಹೋಗಿ ಸೀರೆ ಬದಲಿಸಿದಳು.

ಮತ್ತೊಂದು ವರ್ಷ ಹಿಡಿಯಿತು. ತೂತಿಗೆ ವೆಲ್ಡಿಂಗ್ ಆಯಿತು. ಪಿಸ್ಟನ್ನಿನ ತಲೆಗೂ ವಾಲ್ವಿಗೂ ನಡುವೆ ಎಷ್ಟು ಜಾಗವಿದೆಯೆಂದು ನೋಡಲು ಶಾಂತವ್ವನ ರೊಟ್ಟಿಯ ಹಿಟ್ಟು ಕದ್ದು ಒಳಗಿಟ್ಟು ತಿರುಗಿಸಿದೆವು; ಹಿಟ್ಟು ಹಪ್ಪಳದಷ್ಟು ತೆಳ್ಳಗಾಗಿ ಬಂತು. “ಎಂಜಿನ್ ಇಟ್ಕೊಳ್ರಿ, ಆದ್ರ ಹಪ್ಪಳದ ಹಂಗಾಮಿಗೆ ನನಗ ಕೊಡ್ರಿ,” ಎಂದಳು ಅವಳು. ಜೀಪಿನ ಭಾರ ಇಳಿಸಲೆಂದು ನಾನು ರುಬ್ಬುಗುಂಡನ್ನು ಹಿತ್ತಲಿಗೆ ಎಸೆದೆ. ಮರುದಿನ ಅದು ಸೀಟಿನ ಕೆಳಗಿತ್ತು. ಮತ್ತೆ ಎಸೆದೆ. ಮತ್ತೆ ಸೀಟಿನ ಕೆಳಗಿತ್ತು. ಯಾರು ಇಟ್ಟರೆಂದು ಕೇಳುವ ಧೈರ್ಯವಾಗಲಿಲ್ಲ.

ಕೊನೆಗೂ ಎರಡನೆಯ ವರ್ಷದ ಪೂಜೆಯ ದಿನ ಜೀಪು ಹೊರಟಿತು. ಮುಂದೆ ನಾನು, ರಾಜೇಸಾಬ. ಹಿಂದೆ ಅವ್ವ, ಶಾಂತವ್ವ, ಹೋಳಿಗೆ, ಕಾಯಿ, ಹೂವು. ಎಂಜಿನ್ನು ಹುಲಿಯಂತೆ ಗರ್ಜಿಸುತ್ತಿತ್ತು. ಸವದತ್ತಿ ದಾಟುವಾಗ ಅವ್ವ, “ಇದು ಅವರ ಜೀಪಿನ ಸಪ್ಪಳ ಅಲ್ಲಲ್ಲೋ,” ಎಂದಳು. ನಾನು ಅದನ್ನು ಹೊಗಳಿಕೆಯೆಂದುಕೊಂಡೆ.

ಏರಿನ ಬುಡ ಬಂತು. “ನಿಲ್ಲಸ. ಇಳೀತೇನಿ,” ಎಂದಳು ಅವ್ವ.

“ಅವ್ವಾ, ನೀ ಇಳಿಯಬಾರದಂತನ ಇದನ್ನೆಲ್ಲಾ ಮಾಡೇನಿ!”

“ಖರೇ ಐತಿ. ಆದ್ರೂ ನಿಲ್ಲಸ.”

ಗುಂಡು ಹಿಡಿದು ಇಳಿದೇಬಿಟ್ಟಳು. ಶಾಂತವ್ವ ಅವಳ ತೋಳು ಹಿಡಿಯಲು ಇಳಿದಳು. ಸರಿ, ಒಮ್ಮೆ ಹತ್ತಿಸಿ ತೋರಿಸಿ, ಅಂಜಿಕೆ ಹೋದ ಮೇಲೆ ಹೊಳ್ಳಿ ಬಂದು ಕರೆದೊಯ್ದರಾಯಿತು ಎಂದು ಪೆಡಲು ಒತ್ತಿದೆ.

ಏನು ಹೇಳಲಿ! ಜೀಪು ಒಂದೇ ಉಸಿರಿಗೆ ಹತ್ತಿತು. ಎಲ್ಲೂ ನಿಲ್ಲಲಿಲ್ಲ, ಕೆಮ್ಮಲಿಲ್ಲ. ಅಪ್ಪನ ಗದ್ದಿಗೆಯ ಮುಂದೆ ಹೋಗಿ ನಿಂತು, ಢಪ್ ಎಂದಿತು. ಬಾನೆಟ್ಟಿನಿಂದ ಹೊಗೆ. ಎಣ್ಣೆಯಲ್ಲಿ ನೀರು, ನೀರಿನಲ್ಲಿ ಎಣ್ಣೆ. ವೆಲ್ಡಿಂಗ್ ಬಿಟ್ಟಿತ್ತು.

“ಇನ್ನ ಇದು ಅಲ್ಲಾಡೂದಿಲ್ಲ ಭಾಯಿ,” ಎಂದ ರಾಜೇಸಾಬ.

ಹಿಂತಿರುಗಿ ನೋಡಿದೆ. ಜೀಪು ಮೇಲೆ. ಹೋಳಿಗೆ ಮೇಲೆ. ಕಾಯಿ, ಹೂವು, ರಾಜೇಸಾಬ ಎಲ್ಲರೂ ಮೇಲೆ. ಅವ್ವನನ್ನು ಹತ್ತಿಸಲೆಂದು ಕಟ್ಟಿದ ಎಂಜಿನ್ನು ಅವ್ವನನ್ನೇ ಕೆಳಗೆ ಬಿಟ್ಟು ಮಿಕ್ಕದ್ದನ್ನು ಹತ್ತಿಸಿತ್ತು. ಅವಳು ಕೆಳಗೆ, ಗುಂಡು ಹಿಡಿದು, ಇಷ್ಟೇ ಇಷ್ಟಾಗಿ ಕಾಣುತ್ತಿದ್ದಳು.

ಇಳಿದು ಹೋದೆ. ಅವ್ವ ಗುಂಡಿನ ಮೇಲೆ ಕೂತಿದ್ದಳು.

“ನಿಲ್ಲಲಾರದ ಹತ್ತಿತಲ್ಲೋ,” ಎಂದಳು.

“ಹೂಂ.”

“ನಿಮ್ಮಪ್ಪಗೂ ಹತ್ತಸಾಕ ಬರತಿತ್ತು. ನೀ ಹುಟ್ಟೂಕಿಂತ ಮದ್ಲ, ನನ್ನ ಕುಂದರಿಸಿಕೊಂಡು ಒಮ್ಮೆ ಹಿಂಗ ಹತ್ತಿಸಿದ್ದ. ನನಗ ಎದಿ ಒಡದಂಗಾಗಿ ಚೀರಿಬಿಟ್ಟೆ. ಆವತ್ತಿಂದ ಎಂಜಿನ್ನಿಗೆ ದಮ್ಮಿಲ್ಲ ಅನ್ನಾಕ ಸುರು ಮಾಡಿದ. ಮಂದಿ ನನ್ನ ಅಂಜಬುರಕಿ ಅನ್ನಬಾರದಲ್ಲ. ನಾ ಹಿಂದ ಉಳೀಬಾರದಂತ ನಡುವ ನಡುವ ತಾನ ನಿಲ್ಲಸ್ತಿದ್ದ.”

ಒಂದು ವರ್ಷಕ್ಕೂ ಮಿಕ್ಕಿ, ಯಾವ ರೋಗವೂ ಇಲ್ಲದ ಎಂಜಿನ್ನಿಗೆ ನಾನು ಶಸ್ತ್ರಚಿಕಿತ್ಸೆ ಮಾಡಿಸಿದ್ದೆ!

“ಮದಲ ಯಾಕ ಹೇಳಲಿಲ್ಲವ್ವಾ?”

“ಅವರು ಮುಚ್ಚಿಟ್ಟಿದ್ದನ್ನ ನಾ ಹೆಂಗ ಬಿಚ್ಚಲಿ? ನೀ ಬಿಚ್ಚಿದ್ದ ಸಾಕಾಗೇತಿ.”

ನಡೆಯತೊಡಗಿದೆವು. ಶಾಂತವ್ವನ ತೋಳು ಹಿಡಿದು ಅವ್ವ ಮುಂದೆ, ಗುಂಡು ಹಿಡಿದು ನಾನು ಹಿಂದೆ. ಅವಳು ನಿಂತಾಗಲೆಲ್ಲ ನಾನು ಗುಂಡು ಇಡುತ್ತಿದ್ದೆ, ಅವಳು ಕೂರುತ್ತಿದ್ದಳು. ಅರ್ಧ ಏರಿಗೆ ಮೊಣಕಾಲು ಇನ್ನು ಒಲ್ಲೆನೆಂದಿತು. “ಹೊತ್ಕೊಂಡ ಹೋಗ್ತೇನಿ,” ಎಂದೆ. ಬೇಡವೆಂದು ಕೈಯಾಡಿಸಿಬಿಟ್ಟಳು.

“ಇಲ್ಲಿಂದನ ಕಾಣತೈತಿ.” ಮೇಲೆ ಜೀಪಿನ ಹೊಗೆ ಇನ್ನೂ ಏಳುತ್ತಿತ್ತು. ಅದರತ್ತ ಕೈಮುಗಿದಳು. “ಏನ್ರೀ, ಬಂದೇನಿ. ಈ ಸಲ ಖರೇನ ದಮ್ಮಿಲ್ರಿ.”

ಜೀಪನ್ನು ಎತ್ತುಗಳು ಇಳಿಸಿದವು. ಮೊದಲಿನಂತೆ ಮಾಡಿಕೊಡು ಎಂದು ರಾಜೇಸಾಬನನ್ನು ಬೇಡಿಕೊಂಡೆ. “ಕೆರದ ಕಬ್ಬಿಣ ಹೊಳ್ಳಿ ಬರೂದಿಲ್ಲ ಭಾಯಿ,” ಎಂದು ತಲೆ ತಗ್ಗಿಸಿದ.

ಮರುವರ್ಷದ ಪೂಜೆಗೆ ಮೊದಲೇ ಅವ್ವ ಅಪ್ಪನ ಮಗ್ಗುಲಿಗೆ ಹೊರಟಳು. ಈ ಸಲ ಜನರ ಹೆಗಲ ಮೇಲೆ. ಏರಿನಲ್ಲಿ ಹೊತ್ತವರು ದಣಿದು ನಡುನಡುವೆ ನಿಂತರು. ನಾನು ಹಿಂದೆ ಗುಂಡು ಹಿಡಿದು ನಡೆದಿದ್ದೆ. ಅವರು ನಿಂತಾಗಲೆಲ್ಲ ಬಗ್ಗಿ, ನೆಲದ ಮೇಲೆ ಇಡುತ್ತಿದ್ದೆ.

ದೊಡವಾಡದಿಂದ ಬಂದಿದ್ದ ಕಾಕಾ ನೋಡಿ ನೋಡಿ ಕೇಳಿದ, “ಇದು ಯಾವ ಪದ್ಧತಿನೋ ತಮ್ಮಾ? ಕಣ್ಣಾಗ ನೀರ ಬ್ಯಾರೆ. ಏನಾತು?”

“ಏನಿಲ್ಲ ಕಾಕಾ. ಎಂಜಿನ್ನಿಗೆ ದಮ್ಮಿಲ್ಲ.”

ಕಾಕಾ ಹಿಂದೆ ಮುಂದೆ ನೋಡಿದ. ಎಲ್ಲೂ ಜೀಪೇ ಇರಲಿಲ್ಲ. ಸುಳ್ಳು ಹೇಳುವುದರಲ್ಲಿ ಕೂಡ ನನಗೆ ಅಪ್ಪನ ಕೈ ಬರಲಿಲ್ಲ.