ಕರುಣೆ ದಾಸ್ತಾನಿನಲ್ಲಿಲ್ಲ

ನಮ್ಮ ಆಸ್ಪತ್ರೆಯ ಮಹಿಳಾ ವಾರ್ಡಿನಲ್ಲಿ ಕರುಣೆ ಮುಗಿದುಹೋಗಿದೆ ಎಂಬ ಅಂಶವನ್ನು ಆಡಳಿತ ಮಂಡಳಿಯು ಸರ್ವಾನುಮತದಿಂದ ಅಂಗೀಕರಿಸಿದೆ. ಅದು ಮುಗಿದದ್ದು ನನ್ನ ಬಳಿ. ಆ ವಾರ್ಡಿನ ಹಿರಿಯ ನರ್ಸ್ ನಾನೇ.

ವಿಷಯ ಬೆಳಕಿಗೆ ಬಂದದ್ದು ಸೂಪರಿಂಟೆಂಡೆಂಟರ ಅತ್ತೆಯವರಿಂದ. ಸೊಂಟದ ಮೂಳೆ ಮುರಿದುಕೊಂಡು ಬಾಗಿಲ ಪಕ್ಕದ ಹಾಸಿಗೆಯಲ್ಲಿದ್ದ ಆ ಅಜ್ಜಿ ಒಂದು ಬೆಳಿಗ್ಗೆ, "ಸಿಸ್ಟರ್, ನೋವು ತಡ್ಕೊಳ್ಳೋಕೆ ಆಗ್ತಿಲ್ಲ" ಎಂದರು. ಒಂದು ಕೈಯಲ್ಲಿ ಡ್ರಿಪ್ ಬಾಟಲಿ, ಇನ್ನೊಂದರಲ್ಲಿ ಬೆಡ್‌ಪ್ಯಾನ್ ಹಿಡಿದು ಓಡುತ್ತಿದ್ದ ನಾನು, "ಮೂಳೆ ಮುರಿದ್ರೆ ನೋವೇ ಆಗೋದು ಅಜ್ಜಿ, ನಗು ಬರಲ್ಲ" ಎಂದೆ. ವೈದ್ಯಕೀಯವಾಗಿ ಇದರಲ್ಲಿ ತಪ್ಪೇನೂ ಇರಲಿಲ್ಲ.

ಸೂಪರಿಂಟೆಂಡೆಂಟರು ಕರೆಸಿದರು.

"ನಿಮಗೆ ಕರುಣೆ ಅನ್ನೋದೇ ಇಲ್ವೇನಮ್ಮಾ?"

"ಇತ್ತು ಸರ್. ಮುಗೀತು."

"ಮುಗಿಯೋಕೆ ಮುಂಚೆ ಉಗ್ರಾಣಕ್ಕೆ ಇಂಡೆಂಟ್ ಹಾಕ್ಬೇಕು ಅಂತ ಗೊತ್ತಿಲ್ವಾ? ಹತ್ತಿ ಮುಗಿದ್ರೆ ಹಾಕಲ್ವಾ?"

ಹತ್ತಿಗೂ ಹಾಕಿದ್ದೆ, ಅದೂ ಬಂದಿರಲಿಲ್ಲ. ತಲೆ ತಗ್ಗಿಸಿ ನಿಂತೆ. ತಗ್ಗಿಸಿದ ತಲೆಗೆ ಹಾಗೇ ಜೋಂಪು ಹತ್ತಿತು. ಅವರು ಅದನ್ನು ಪಶ್ಚಾತ್ತಾಪವೆಂದು ತಿಳಿದು ಕ್ಷಮಿಸಿದರು.

ಮರುದಿನ ಪ್ರಕಟಣೆ ಬಂತು: "ಎಲ್ಲ ಶುಶ್ರೂಷಕಿಯರೂ ಮಧ್ಯಾಹ್ನದ ಊಟದ ವಿರಾಮವನ್ನು ತ್ಯಜಿಸಿ ಕರುಣಾ ತರಬೇತಿಗೆ ಹಾಜರಾಗತಕ್ಕದ್ದು. ತರಬೇತಿಯ ಅವಧಿಯಲ್ಲಿ ಯಾವ ರೋಗಿಯೂ ತುರ್ತು ಸ್ಥಿತಿಗೆ ಒಳಗಾಗತಕ್ಕದ್ದಲ್ಲ."

ತರಬೇತುದಾರರು ಸಜ್ಜನರು. ರಕ್ತ ಕಂಡರೆ ತಲೆಸುತ್ತು ಬರುತ್ತದೆಂದು ವಾರ್ಡಿನ ಕಡೆ ಸುಳಿಯಲೇ ಇಲ್ಲ. ತಲೆಯನ್ನು ಸ್ವಲ್ಪ ಎಡಕ್ಕೆ ವಾಲಿಸಬೇಕು, ಎದುರಿನವರ ಭುಜದ ಮೇಲೆ ಕೈಯಿಡಬೇಕು, "ನಿಮ್ಮ ನೋವು ನನಗೆ ಅರ್ಥವಾಗುತ್ತೆ" ಎಂದು ನಿಧಾನವಾಗಿ ಹೇಳಬೇಕು ಎಂದು ಕಲಿಸಿದರು. ನಾನು ಮನೆಯಲ್ಲಿ ಗಂಡನ ಮೇಲೆ ಅಭ್ಯಾಸ ಮಾಡಿದೆ. ಅವರು ಕೈಯಲ್ಲಿದ್ದ ಲೋಟ ಕೆಳಗಿಟ್ಟು, "ಯಾರು ಹೋದ್ರು? ನಮ್ಮಣ್ಣನಾ?" ಎಂದು ಅಳತೊಡಗಿದರು. ಅವರನ್ನು ಸಮಾಧಾನ ಮಾಡುವಷ್ಟು ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ.

ಹೀಗೆ ನಾವೆಲ್ಲ ಕರುಣೆ ಕಲಿಯುತ್ತಿದ್ದ ಒಂದು ಮಧ್ಯಾಹ್ನ, ವಾರ್ಡಿನಲ್ಲಿ ಅಜ್ಜಿಯ ಗಂಟಲಿಗೆ ಬ್ರೆಡ್ಡಿನ ತುಂಡು ಸಿಕ್ಕಿಕೊಂಡಿತು. ಉಸಿರು ನಿಂತು ಮುಖ ನೀಲಿಯಾಯಿತು. ಪಕ್ಕದ ಹಾಸಿಗೆಯಲ್ಲಿದ್ದವಳು ಬಸ್ಸಿನ ಮೆಟ್ಟಿಲಿನಿಂದ ಜಾರಿ ಕಾಲು ಮುರಿದುಕೊಂಡ ಕಂಡಕ್ಟರಮ್ಮ. ಒಂಟಿ ಕಾಲಲ್ಲಿ ಕುಂಟುತ್ತಾ ಬಂದು, "ಮುಂದಕ್ಕೆ ಬನ್ನಿ ಅಜ್ಜಿ, ಮುಂದಕ್ಕೆ!" ಎಂದು ಅವರನ್ನು ಬಗ್ಗಿಸಿ ಬೆನ್ನಿಗೆ ಗುದ್ದಿದಳಂತೆ. ತುಂಡು ಹೊರಗೆ ಬಿತ್ತು.

ನಾವು ವಾಪಸು ಬಂದಾಗ ಅಜ್ಜಿ ಅವಳ ತೋಳಿಗೆ ಒರಗಿ ಬಿಕ್ಕುತ್ತಿದ್ದರು. ನಡೆದದ್ದು ತಿಳಿಯಿತು. ಖಾಲಿ ಹಾಸಿಗೆಯೊಂದರ ಮೇಲೆ ಕುಸಿದೆ.

"ನಾನು ಇಲ್ಲೇ ಇರ್ಬೇಕಾಗಿತ್ತು" ಎಂದೆ.

"ಅದಿರ್ಲಿ, ಊಟ ಆಯ್ತಾ ಸಿಸ್ಟರ್?" ಎಂದಳು ಕಂಡಕ್ಟರಮ್ಮ.

ಆಸ್ಪತ್ರೆಯಲ್ಲಿ ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿದ್ದಿಲ್ಲ. ಉತ್ತರದ ಬದಲು ಅಳು ಬಂತು. ಅವಳು ಉಳಿದ ಬ್ರೆಡ್ಡನ್ನು ನನ್ನ ಕೈಗೆ ತುರುಕಿ, "ಚೆನ್ನಾಗಿ ಅಗಿದು ತಿನ್ನಿ, ಇನ್ನೊಂದ್ಸಲ ಕುಂಟೋಕಾಗಲ್ಲ" ಎಂದಳು. ನಾನು ಅರ್ಧ ತಿಂದು, ಅರ್ಧ ಅತ್ತು, ಅಲ್ಲೇ ನಿದ್ದೆಹೋದೆ.

ಆಗ ಸೂಪರಿಂಟೆಂಡೆಂಟರು ತಪಾಸಣೆಗೆ ಬಂದರು. ನರ್ಸು ಮಲಗಿದ್ದಾಳೆ, ಕಂಡಕ್ಟರಮ್ಮ ಹೊದಿಕೆ ಸರಿಮಾಡುತ್ತಿದ್ದಾಳೆ, ಅತ್ತೆಯವರು ತುಟಿಗೆ ಬೆರಳಿಟ್ಟು, "ಮೆಲ್ಲಗೆ ನಡೀರಿ, ಪಾಪ, ಎದ್ಬಿಡ್ತಾಳೆ" ಎನ್ನುತ್ತಿದ್ದಾರೆ. ತರಬೇತಿ ಎಷ್ಟು ಯಶಸ್ವಿಯಾಗಿದೆಯೆಂದರೆ ಕರುಣೆಯು ನರ್ಸುಗಳಿಂದ ಉಕ್ಕಿ ರೋಗಿಗಳಿಗೂ ಹರಿದಿದೆ ಎಂದು ಅವರು ವರದಿ ಮಾಡಿದರು. ತರಬೇತುದಾರರಿಗೆ ಪ್ರಶಸ್ತಿ ಫಲಕ ಸಿಕ್ಕಿತು.

ಕಂಡಕ್ಟರಮ್ಮನ ಕಾಲು ವಾಸಿಯಾದಾಗ ಮಾತ್ರ ತೊಡಕಾಯಿತು. ಅಷ್ಟರಲ್ಲಿ ನೀರು ಕುಡಿಸುವುದು, ಅಳುವವರನ್ನು ಸಮಾಧಾನ ಮಾಡುವುದು ಎಲ್ಲವೂ ಅವಳ ಪಾಲಿಗೆ ಬಂದಿದ್ದರಿಂದ, ಅವಳಿಲ್ಲದೆ ವಾರ್ಡು ನಡೆಯುವಂತಿರಲಿಲ್ಲ.

"ಕಾಲು ನಿಮ್ಮದಾದ್ರೂ ಹಾಸಿಗೆ ಆಸ್ಪತ್ರೆದು" ಎಂದರು ಸೂಪರಿಂಟೆಂಡೆಂಟರು. "ಬದಲಿ ವ್ಯವಸ್ಥೆ ಆಗೋವರೆಗೂ ಬಿಡೋಕಾಗಲ್ಲ."

"ಈ ಸಿಸ್ಟರ್‌ನೇ ಮಲಗಿಸಿ ಸರ್" ಎಂದು ಅವಳು ನನ್ನ ಕಡೆ ಕೈ ತೋರಿಸಿದಳು. "ನನಗಿಂತ ಇವರೇ ಪೇಷೆಂಟ್ ಥರ ಕಾಣ್ತಾರೆ."

ಯಾರೂ ಆಕ್ಷೇಪಿಸಲಿಲ್ಲ. ನನ್ನನ್ನು ಪರೀಕ್ಷಿಸಿದ ಡಾಕ್ಟರು, ಕಾಯಿಲೆ ಹುಡುಕಲು ಕಷ್ಟವೇನೂ ಆಗಲಿಲ್ಲವೆಂದರು. ಸೇವೆಯ ಹಿತದೃಷ್ಟಿಯಿಂದ ನನ್ನನ್ನು ರೋಗಿಯ ಹುದ್ದೆಗೆ ನಿಯೋಜಿಸಲಾಯಿತು.

ಕೆಲಸ ಹಗುರವಾಗಿದೆ. ಮೊದಲ ದಿನ ಅಜ್ಜಿ ತೀರಿಹೋದ ತಂಗಿಯ ವಿಷಯ ತೆಗೆದರು. ಹಿಂದೆಯೂ ಎಷ್ಟೋ ಸಲ ತೆಗೆದಿದ್ದರಂತೆ. ನಾನು ತಂಗಿಯ ಹೆಸರು ಬರುವುದರೊಳಗೆ ಓಡಿಹೋಗುತ್ತಿದ್ದೆ. ಈ ಸಲ ಪೂರ್ತಿ ಕೇಳಿದೆ. ಇಬ್ಬರೂ ಅತ್ತೆವು. ಆಮೇಲೆ ಅವರಿಗೆ ನೀರು ಕುಡಿಸಿದೆ. ಕರುಣೆ ಇನ್ನೂ ಒಂದಿಷ್ಟು ಉಳಿದಿತ್ತೆಂದು ತಿಳಿದು ನನಗೇ ಆಶ್ಚರ್ಯವಾಯಿತು. ಸುದ್ದಿ ಹರಡಿ, ಉಳಿದ ನರ್ಸುಗಳೂ ಹಾಸಿಗೆಗೆ ಅರ್ಜಿ ಹಾಕಿದ್ದಾರೆ. ಸೇವಾ ಹಿರಿತನದ ಮೇಲೆ ಪರಿಶೀಲಿಸಲಾಗುತ್ತಿದೆ.

ಸಂಜೆ ಭೇಟಿಯ ಹೊತ್ತಿಗೆ ಗಂಡ ಬಂದರು.

"ಯಾವಾಗ ಬಿಡ್ತಾರಂತೆ?"

"ರಿಟೈರ್ ಆದ್ಮೇಲೆ."

ಅವರು ಸುತ್ತ ನೋಡಿ, ಹಾಸಿಗೆ ಒತ್ತಿ ನೋಡಿ, ತಲೆಯಾಡಿಸಿದರು.

"ಹಾಗಾದ್ರೆ ನಾಳೆ ನಿನ್ನ ದಿಂಬು ತಂದ್ಬಿಡ್ತೀನಿ. ಇದು ತೀರಾ ಗಟ್ಟಿ."