ಸಹಚರ ಬ್ರೆನ್ವಾಲ್ ಅವರ ಮರಣವನ್ನು ಖಚಿತಪಡಿಸುವ ಬಗ್ಗೆ

ಸಹಚರರು, ಪುರಾಣ ಹಾಗೂ ಆಯ್ಕೆಗಳ ವಿಭಾಗ
ಎಡ್ಮಂಟನ್, ಆಲ್ಬರ್ಟಾ

ಸಂಖ್ಯೆ: ಸಪುಆ/ಮರಣ/4/17
ದಿನಾಂಕ: ಫೆಬ್ರವರಿ 11

ಸುತ್ತೋಲೆ

ವಿಷಯ: ‘ಬೂದಿಸೀಮೆ’ ವಿಡಿಯೊ ಆಟಮಾಲೆಯ ನಾಲ್ಕನೆಯ ಭಾಗದಲ್ಲಿ ಸಹಚರ ಬ್ರೆನ್ವಾಲ್ ಅವರು ಸತ್ತಿದ್ದಾರೆಯೇ ಇಲ್ಲವೇ ಎಂಬುದನ್ನು ಇತ್ಯರ್ಥಪಡಿಸುವ ಕುರಿತು.

ಉಲ್ಲೇಖ: 1) ಎರಡನೆಯ ಭಾಗ, ಸೇತುವೆಯ ಪ್ರಸಂಗ. 2) ಆಟದ ಕಥಾಲೋಕದ ದಾಖಲೆ ಕಾಯುವ ಪುರಾಣಪಾಲಕಿ ಶ್ರೀಮತಿ ಸ್ತೆಫಾನಿಯಾ ಹ್ರಿತ್ಸಾಕ್ ಅವರ ಆಕ್ಷೇಪಣೆ.

ಆಟಗಾರರ ಜೊತೆ ಸಾಗುವ ಪಾತ್ರವಾದ, ಗಾಯಗೊಂಡ ಮುದಿ ಸನ್ಯಾಸಿ ಬ್ರೆನ್ವಾಲ್ ಅವರನ್ನು ಸೇತುವೆಯ ಮೇಲೆ ಬಿಟ್ಟು ಓಡುವುದೋ, ಹೊತ್ತು ತರುವುದೋ ಎಂಬುದನ್ನು ಎರಡನೆಯ ಭಾಗದಲ್ಲಿ ಆಟಗಾರರಿಗೇ ಬಿಡಲಾಗಿತ್ತು. ಪರಿಣಾಮವಾಗಿ ಸದರಿಯವರು ಕೆಲವರ ಮನೆಯಲ್ಲಿ (ಅಂದರೆ ಅವರು ಆಡುವ ಆಟದಲ್ಲಿ) ಬದುಕಿದ್ದು, ಕೆಲವರ ಮನೆಯಲ್ಲಿ ತೀರಿಕೊಂಡಿರುತ್ತಾರೆ. ನೂರಕ್ಕೆ ಅರವತ್ತೊಂದು ಮಂದಿ ಬಿಟ್ಟು ಓಡಿರುವುದರಿಂದ, ಎಲ್ಲರ ಪಾಲಿಗೂ ಸತ್ತರೆಂದು ಘೋಷಿಸಿ, ಅವರ ಧ್ವನಿಯನ್ನು ನಾಲ್ಕನೆಯ ಭಾಗದಿಂದ ತೆಗೆಯಲು ಉದ್ದೇಶಿಸಲಾಗಿತ್ತು.

ಸದರಿ ಧ್ವನಿಯು ಶ್ರೀಮತಿ ಹ್ರಿತ್ಸಾಕ್ ಅವರ ಪತಿ, ಕಳೆದ ನವೆಂಬರಿನಲ್ಲಿ ದೈವಾಧೀನರಾದ ಒಮೆಲ್ಯಾನ್ ಅವರದು. ಈ ಸಂಗತಿ ಕಡತಕ್ಕೆ ಸಂಬಂಧಿಸಿದ್ದಲ್ಲವೆಂದು ಮೊದಲು ಬರೆದು, ನಂತರ ಹೊಡೆದುಹಾಕಲಾಗಿದೆ.

ಸಭೆಯಲ್ಲಿ ವ್ಯವಸ್ಥಾಪಕ ಡ್ಯಾರಿಲ್ ಮಕಾಯ್ ಅವರು “ಜನಾನೇ ಬಿಟ್ಟು ಓಡಿದಾರೆ ಸ್ತೆಫಾನಿಯಮ್ಮ, ನಾವೇನ್ ಮಾಡೋಕಾಗುತ್ತೆ?” ಎಂದೂ, ಶ್ರೀಮತಿ ಹ್ರಿತ್ಸಾಕ್ ಅವರು “ಓಡಿಲ್ಲಪ್ಪ, ಅವಸರ ಮಾಡಿದಾರೆ. ಸಾಯೋನು ನಾಲ್ಕು ನಿಮಿಷ ಮಾತಾಡ್ತಾನೆ, ಅಷ್ಟೂ ಕೇಳೋಕೆ ನಿಮಗೆ ಪುರುಸೊತ್ತಿಲ್ಲ. ನೀನಾದ್ರೂ ಪೂರ್ತಿ ಕೇಳಿದೀಯೇನೋ?” ಎಂದೂ ನುಡಿದದ್ದು ನಡಾವಳಿಯಲ್ಲಿದೆ.

ಪರಿಶೀಲಿಸಲಾಗಿ, ಮಾತು ದಾಟಿಸುವ ಗುಂಡಿಯನ್ನು ಪಟಪಟನೆ ಒತ್ತಿದವರಿಗೆ ಆಯ್ಕೆಗಳು ಬಂದದ್ದೇ ತಿಳಿಯದೆ, ಮೊದಲನೆಯದಾದ ‘ಬಿಟ್ಟು ಓಡು’ ಎಂಬುದು ಆಯ್ಕೆಯಾಗಿಬಿಟ್ಟಿರುವುದು ಕಂಡುಬಂದಿದೆ. ಆದಕಾರಣ ಇನ್ನು ಮುಂದೆ ಯಾವುದೇ ಸಹಚರರ ಮರಣಕ್ಕೆ ಈ ಕೆಳಗಿನ ನಿಯಮಗಳು ಅನ್ವಯಿಸುತ್ತವೆಂದು ಈ ಮೂಲಕ ತಿಳಿಯಪಡಿಸಲಾಗಿದೆ:

1. ಮರಣದ ನಮೂನೆಗೆ ಸಹಿ ಹಾಕುವ ವಿಭಾಗದ ಹನ್ನೊಂದು ಮಂದಿ ಸದಸ್ಯರೂ ಸಹಚರರ ಕೊನೆಯ ಮಾತನ್ನು ಮೊದಲಿನಿಂದ ಕೊನೆಯವರೆಗೆ ಕುಳಿತು ಕೇಳತಕ್ಕದ್ದು.

2. ದಾಟಿಸುವ ಗುಂಡಿಯ ಕಡೆಗೆ ಬೆರಳು ತಾನಾಗಿ ಹೋಗುವವರು ಉಣ್ಣೆಯ ಕೈಗವಸು ಧರಿಸತಕ್ಕದ್ದು. ಹೊರಗೆ ಮೈನಸ್ ಮೂವತ್ತೊಂದು ಡಿಗ್ರಿ ಇರುವುದರಿಂದ ವಿಭಾಗವು ಪ್ರತ್ಯೇಕವಾಗಿ ಒದಗಿಸುವುದಿಲ್ಲ.

3. ಎರಡನೆಯ ನಿಮಿಷದಲ್ಲಿ ಬ್ರೆನ್ವಾಲ್ ಅವರು ತಮ್ಮ ತಾಯಿ ಮಾಡುತ್ತಿದ್ದ ಬೀಟ್ರೂಟ್ ಸಾರನ್ನು ನೆನೆಯುತ್ತಾರೆ. ಇದು ಮೂಲ ಬರಹದಲ್ಲಿಲ್ಲ. ಧ್ವನಿ ನೀಡಿದ ದಿವಂಗತ ಒಮೆಲ್ಯಾನ್ ಅವರು ಸ್ವಂತ ಇಚ್ಛೆಯಿಂದ ಸೇರಿಸಿದ್ದು. ಬೂದಿಸೀಮೆಯಲ್ಲಿ ಬೀಟ್ರೂಟ್ ಬೆಳೆಯುವುದಿಲ್ಲವೆಂಬ ತಕರಾರನ್ನು ಎತ್ತತಕ್ಕದ್ದಲ್ಲ. ಈಗ ಬೆಳೆಯುತ್ತದೆಂದು ಪುರಾಣವನ್ನು ತಿದ್ದಲಾಗಿದೆ.

4. ಸಾರಿನ ವರ್ಣನೆಯಿಂದ ಹಸಿವಾದವರು ಎದ್ದು ಹೋಗತಕ್ಕದ್ದಲ್ಲ. ಹೋದವರನ್ನು ಕರೆತಂದು ಮೊದಲಿನಿಂದ ಕೇಳಿಸಲಾಗುವುದು.

5. ಕಣ್ಣೊರೆಸಿಕೊಳ್ಳಲು ಅನುಮತಿ ಇದೆ. ಸದ್ದಾಗುವಂತೆ ಬಿಕ್ಕುವವರು ಮೂರು ದಿನ ಮುಂಚಿತವಾಗಿ ಅರ್ಜಿ ಸಲ್ಲಿಸತಕ್ಕದ್ದು.

6. ಮಾತು ಮುಗಿದಾಗ ಶ್ರೀಮತಿ ಹ್ರಿತ್ಸಾಕ್ ಅವರು ಶಿಲುಬೆಯ ಗುರುತು ಮಾಡಿಕೊಂಡು “ಶಾಶ್ವತ ಸ್ಮರಣೆಯಾಗಲಿ” ಎನ್ನುವುದುಂಟು. ಇದನ್ನು ಬ್ರೆನ್ವಾಲ್ ಅವರ ಮರಣಕ್ಕೆ ಸಾಕ್ಷಿಯೆಂದು ಪರಿಗಣಿಸತಕ್ಕದ್ದಲ್ಲ. ಆ ಪ್ರಾರ್ಥನೆ ಒಮೆಲ್ಯಾನ್ ಅವರಿಗೆ ಸಂದಾಯವಾಗುತ್ತದೆ.

7. ಮೇಲ್ಕಂಡ ನಿಯಮಗಳಂತೆ ಕಳೆದ ಸೋಮವಾರ ಹನ್ನೊಂದು ಮಂದಿಗೂ ಕೇಳಿಸಲಾಯಿತು. ಶ್ರೀ ಮಕಾಯ್ ಅವರು “ಇನ್ನೊಂದ್ ಸಲ ಹಾಕ್ರೋ” ಎಂದದ್ದರಿಂದ ಎರಡು ಬಾರಿ ಕೇಳಿಸಲಾಯಿತು. ಮಂಗಳವಾರ ಹನ್ನೊಂದು ನಮೂನೆಗಳೂ ಸಹಿಯಿಲ್ಲದೆ ಹಿಂದಿರುಗಿವೆ.

8. ಆದ್ದರಿಂದ ಬ್ರೆನ್ವಾಲ್ ಅವರು ಎಲ್ಲರ ಮನೆಯಲ್ಲೂ ಬದುಕಿದ್ದಾರೆಂದು ಆದೇಶಿಸಲಾಗಿದೆ. ಬಿಟ್ಟು ಓಡಿದವರ ಮನೆಗೆ ಅವರು ತುಸು ತಡವಾಗಿ, ಕುಂಟುತ್ತಾ ಬರತಕ್ಕದ್ದು. ಬಂದವರು ಬೆಂಕಿಯ ಬಳಿ ಕೂರತಕ್ಕದ್ದು. ಯಾರನ್ನೂ ಏನನ್ನೂ ಕೇಳತಕ್ಕದ್ದಲ್ಲ.

(ಸಹಿ)
ಹಾರ್ಲನ್ ಲಿಂಡ್ಕ್ವಿಸ್ಟ್
ಉಪನಿರ್ದೇಶಕರು (ಮರಣಗಳು)

ಪ್ರತಿಗಳು:
1. ಶ್ರೀ ಡ್ಯಾರಿಲ್ ಮಕಾಯ್ ಅವರಿಗೆ, ಕುಂಟುವ ನಡಿಗೆ ಸಿದ್ಧಪಡಿಸಲು.
2. ಧ್ವನಿ ಶಾಖೆಗೆ, ಮಾತಿನ ನಡುವಿನ ಕೆಮ್ಮನ್ನು ತೆಗೆಯಬಾರದೆಂಬ ಸೂಚನೆಯೊಂದಿಗೆ.
3. ಬೀಟ್ರೂಟ್ ಚಿತ್ರಿಸುವ ಕಲಾವಿದರಿಗೆ.
4. ಶ್ರೀಮತಿ ಸ್ತೆಫಾನಿಯಾ ಹ್ರಿತ್ಸಾಕ್ ಅವರಿಗೆ, ಧ್ವನಿಯ ಒಂದು ಪ್ರತಿಯೊಂದಿಗೆ. ಹಿಂದಿರುಗಿಸುವ ಅಗತ್ಯವಿಲ್ಲ.