ಮೂರು ಬಾಣ, ಮೂರು ನಿಂಬೆಹಣ್ಣು

ಈ ಮನೆಯಲ್ಲಿ ಇನ್ನು ಮುಂದೆ ಅಂಕಿ ಅಂಶಗಳಿಲ್ಲದೆ ಯಾವ ತೀರ್ಮಾನವೂ ಆಗಕೂಡದು ಎಂದು ಕಳೆದ ಆಗಸ್ಟಿನಲ್ಲಿ ನಾನು ಘೋಷಿಸಿದೆ. ನಾನು ಲೋಹಶಾಸ್ತ್ರ ಓದಿದವನು. ಕಾರಿನ ಬೋಲ್ಟುಗಳು ಏಕೆ ಮುರಿಯುತ್ತವೆ, ಏಕೆ ತುಕ್ಕು ಹಿಡಿಯುತ್ತವೆ ಎಂದು ಇಪ್ಪತ್ತೊಂದು ವರ್ಷದಿಂದ ವರದಿ ಬರೆದು ಅನ್ನ ಉಣ್ಣುತ್ತಿರುವವನು. ಉಕ್ಕಿನ ವಿಷಯದಲ್ಲಿ ನಾವಿರುವ ಮಿಶಿಗನ್ನಿನ ಈ ಕ್ಯಾಂಟನ್ ಊರಿನಲ್ಲಿ ನನ್ನನ್ನು ಮೀರಿಸುವವರು ಯಾರಾದರೂ ಇದ್ದರೆ, ಅವರು ಇನ್ನೂ ಮನೆಯಿಂದ ಹೊರಗೆ ಬಂದಿಲ್ಲ.

ಘೋಷಣೆ ಕೇಳಿ ನನ್ನ ಹೆಂಡತಿ ಸುಚೇತಾ, "ಆಗಲಿ. ಮೊದಲು ಡಿಶ್‌ವಾಷರ್ ಖಾಲಿ ಮಾಡಿ" ಎಂದಳು.

ಅಂಥ ನನ್ನ ಬಳಿಗೆ ಪಕ್ಕದ ಮನೆಯ ಸ್ಟ್ಯಾನ್ ಬಂದರು. ವಯಸ್ಸು ಎಪ್ಪತ್ತಾರು. ಹನ್ನೊಂದು ಚಳಿಗಾಲ ನಮ್ಮ ಡ್ರೈವ್‌ವೇಯ ಹಿಮವನ್ನು ನಾವು ಏಳುವ ಮೊದಲೇ ತೆಗೆದಿಟ್ಟ ಮನುಷ್ಯ. ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹೊತ್ತಿಗೆ ಮನೆ ಮಾರಿ ಅರಿಜೋನಾದ ಮಗಳ ಹತ್ತಿರ ಹೋಗುವವರಿದ್ದರು. ಅಲ್ಲಿಯವರೆಗೆ ಅವರಿಗೆ ಉಳಿದಿದ್ದ ಆಸೆ ಒಂದೇ. ಅಪ್ಪ ಮಾಡಿಕೊಟ್ಟ ಮರದ ಬಿಲ್ಲಿನಲ್ಲಿ ಕೊನೆಯ ಸಲ ಜಿಂಕೆ ಬೇಟೆ.

"ಪ್ರೊಫೆಸರ್, ನಿನಗೆ ಉಕ್ಕು ಗೊತ್ತು. ನನ್ನ ಕಣ್ಣು ಹೋಗಿದೆ, ಕೈ ನಡುಗುತ್ತೆ. ಮೂರು ಬಾಣಕ್ಕೆ ಒಳ್ಳೆಯ ಅಲಗು ಆರಿಸಿ, ಹರಿತ ಮಾಡಿ ಕೊಡು. ಸಿಂಗಲ್ ಬೆವೆಲ್ ಆಗಬೇಕು" ಎಂದರು. (ಹೇಳಿದ್ದು ಇಂಗ್ಲಿಷಿನಲ್ಲಿ. ಕನ್ನಡಕ್ಕೆ ತಂದವನು ನಾನು. ಪ್ರೊಫೆಸರ್ ಎಂಬುದು ಅವರೇ ಕೊಟ್ಟ ಬಿರುದು.)

ಸಿಂಗಲ್ ಬೆವೆಲ್ ಎಂದರೆ ಬಡಗಿಯ ಉಳಿಯ ಹಾಗೆ ಒಂದೇ ಮಗ್ಗುಲಿನಿಂದ ಮಸೆದ ಅಲಗು. ಇನ್ನೊಂದು ಮಗ್ಗುಲು ಸಪಾಟು. ಅದು ಒಳಗೆ ಹೋಗುವಾಗ ತಿರುಗುತ್ತಾ ಹೋಗುತ್ತದೆ, ಮೂಳೆ ಅಡ್ಡ ಬಂದರೆ ಸೀಳುತ್ತದೆ. ಪ್ರಾಣಿ ಬೇಗ ಬೀಳುತ್ತದೆ.

ಕೇಕಿಗೆ ಮೊಟ್ಟೆ ಹಾಕಬಹುದೋ ಬಾರದೋ ಎಂದು ಮೂರು ವರ್ಷ ಚರ್ಚೆ ನಡೆದ ಮನೆ ನಮ್ಮದು. ಸುಚೇತಾ ಏನನ್ನುತ್ತಾಳೋ ಎಂದು ಅಳುಕುತ್ತಲೇ ಹೇಳಿದೆ. ಅವಳು ಒಲೆ ಆರಿಸಿ ನನ್ನ ಕಡೆ ತಿರುಗಿದಳು.

"ನೀವು ಬೆಂಗಳೂರಲ್ಲಿದ್ದಾಗ ಜನವರೀಲಿ ಮನೆ ಬಿಸಿ ಮಾಡೋ ಫರ್ನೇಸ್ ಕೆಟ್ಟಿತ್ತಲ್ಲ, ಆಗ ಹೀಟರ್ ಹೊತ್ಕೊಂಡು ಬಂದಿದ್ದು ಅವರೇ. ಇಲ್ಲ ಅನ್ನೋಕಾಗಲ್ಲ. ಆದ್ರೆ ಒಂದು ಮಾತು ರೀ. ಆ ಪ್ರಾಣಿ ಒದ್ದಾಡಬಾರದು. ಅಂಥದ್ದು ನೋಡಿ ತಗೊಳ್ಳಿ."

ಕೆಲಸ ಶುರುವಾಯಿತು. ಇಪ್ಪತ್ತಮೂರು ಬಗೆಯ ಅಲಗುಗಳು, ಹದಿನೇಳು ಕಾಲಂಗಳ ಸ್ಪ್ರೆಡ್‌ಶೀಟ್. ತೂಕ, ಉದ್ದ, ಅಗಲ, ಅಂಚಿನ ಕೋನ, ಉಕ್ಕಿನ ಗಡಸುತನ. ಬಾಣದ ಗರಿ ಯಾವ ಕಡೆಗೆ ತಿರುಗಿಸುತ್ತದೋ ಅಲಗೂ ಆ ಕಡೆಗೇ ತಿರುಗಿಸಬೇಕು, ಇಲ್ಲದಿದ್ದರೆ ಇಬ್ಬರೂ ಜಗಳವಾಡಿ ಬಾಣ ಅರ್ಧದಲ್ಲೇ ನಿಲ್ಲುತ್ತದೆ. ಅದಕ್ಕೂ ಒಂದು ಕಾಲಂ. ಪ್ರತಿಯೊಂದು ಗುಣಕ್ಕೂ ನೂರರಲ್ಲಿ ಇಷ್ಟು ಎಂದು ಅಂಕ ಹಂಚಿದೆ. ತುಕ್ಕು ತಡೆಯುವ ಗುಣಕ್ಕೆ ಕೊಟ್ಟಿದ್ದು ಎರಡೇ ಎರಡು. ಬಾಣವೇನು ನೀರಿನಲ್ಲಿ ನೆನೆಯುತ್ತದೆಯೇ? ಹಾಗಾಗಿ ಸ್ಟೇನ್‌ಲೆಸ್ ಉಕ್ಕಿನವೆಲ್ಲ ಮೊದಲ ಸುತ್ತಿನಲ್ಲೇ ಬಿದ್ದುಹೋದವು. ಹೈ ಕಾರ್ಬನ್ ಉಕ್ಕಿನದು ಗೆದ್ದಿತು.

ಹದಿನಾಲ್ಕು ವರ್ಷದ ಮಗಳು ಇಂಚರ ಹಿಂದಿನಿಂದ ಬಗ್ಗಿ ನೋಡಿ, "ಅಪ್ಪಾ, ಯೂ ಕುಡ್ ಜಸ್ಟ್ ರೀಡ್ ದ ರಿವ್ಯೂಸ್" ಎಂದಳು. ಸ್ಟ್ಯಾನ್‌ಗೂ ಪ್ರಿಂಟ್ ತೆಗೆದು ಕೊಟ್ಟೆ. ಅವರು ಕಾಗದವನ್ನು ಮೂಗಿನ ಹತ್ತಿರ ಹಿಡಿದು, "ನಾನು ಮದುವೆಯಾಗುವಾಗಲೂ ಇಷ್ಟು ಯೋಚನೆ ಮಾಡಿರಲಿಲ್ಲ" ಎಂದರು.

ಅಲಗುಗಳು ಬಂದವು. ಎರಡು ವಾರಾಂತ್ಯ ಕೂತು ಮಸೆದೆ. ಮೂರನ್ನೂ ಬಾಣಗಳಿಗೆ ಅಂಟಿಸಿದೆ. ಮುಟ್ಟಿಸಿದರೆ ಸಾಕು, ಕೈಮೇಲಿನ ಕೂದಲು ಉದುರುತ್ತಿತ್ತು. ಆದರೆ ಪರೀಕ್ಷೆ ಮಾಡದ ವಸ್ತುವನ್ನು ಹೊರಗೆ ಕಳಿಸುವ ಅಭ್ಯಾಸ ನನಗಿಲ್ಲ. ಸ್ಟ್ಯಾನ್‌ರ ಬಿಲ್ಲನ್ನು ಎರವಲು ತಂದು ಗ್ಯಾರೇಜಿನಲ್ಲಿ ನಿಂತೆ. ಗುರಿಗೆ ಏನಿಡುವುದು? ಸಿಪ್ಪೆ ಗಟ್ಟಿ, ಒಳಗೆ ಮೆತ್ತಗೆ, ಜಿಂಕೆಯ ಪಕ್ಕೆಗೆ ಹತ್ತಿರದ ಹೋಲಿಕೆಯಾಗಿ ಕಂಡದ್ದು ಸುಚೇತಾ ಆಯುಧಪೂಜೆಗೆಂದು ತಂದಿಟ್ಟಿದ್ದ ಬೂದುಗುಂಬಳಕಾಯಿ.

ಬಾಣ ಹೋಯಿತು. ಕುಂಬಳಕಾಯಿಯ ಒಳಗೆ ತಿರುಗುತ್ತಾ ಹೋಗಿ, ಹಿಂದಿನಿಂದ ಹೊರಗೆ ಬಂದು, ಅದರ ಹಿಂದಿದ್ದ ಇಪ್ಪತ್ತು ಪೌಂಡಿನ ಸೋನಾ ಮಸೂರಿ ಚೀಲದಲ್ಲಿ ನಿಂತಿತು. ಚೀಲದ ಹಿಂದೆ ಎರಡು ಇಂಚಿನಲ್ಲಿ ಸುಚೇತಾಳ ಕಾರಿನ ಟೈರು. ಅಕ್ಕಿ ಜುಳುಜುಳು ಎಂದು ಗ್ಯಾರೇಜಿನ ತುಂಬ ಹರಿಯುವಾಗ ಬಾಗಿಲು ತೆರೆಯಿತು.

"ಏನಿದು?"

"ತಿರುಗೋದು ಸಾಬೀತಾಯ್ತು" ಎಂದೆ.

"ನನ್ನ ತಲೆ ತಿರುಗ್ತಿದೆ. ತೂತು ಬಿದ್ದ ಕಾಯಿ ಪೂಜೆಗೆ ಬರುತ್ತೇನ್ರೀ? ನಾಳೆ ಬೆಳಗ್ಗೆ ಪೂಜೆ. ಅಂಗಡೀಲಿದ್ದ ಕೊನೇದು ಅದು."

"ನಿಂಬೆಹಣ್ಣಲ್ಲೇ ಮಾಡಿದರಾಯ್ತು, ಬಿಡು."

ಈ ವರ್ಷ ಆಯುಧಪೂಜೆ ಅಕ್ಟೋಬರ್ ಒಂದಕ್ಕೆ ಬಿದ್ದಿತ್ತು. ಮಿಶಿಗನ್ನಿನಲ್ಲಿ ಬಿಲ್ಲಿನ ಬೇಟೆ ಶುರುವಾಗುವುದೂ ಅದೇ ದಿನ. ಸ್ಟ್ಯಾನ್ ಹೊರಡುವುದು ಮಾರನೆಯ ದಿನ ಮಧ್ಯಾಹ್ನ. ಇಷ್ಟು ವರ್ಷ ನಮ್ಮ ಪೂಜೆಗೆ ಕೂರುತ್ತಿದ್ದ ಆಯುಧಗಳೆಂದರೆ ಎರಡು ಲ್ಯಾಪ್‌ಟಾಪ್, ಮಿಕ್ಸಿ, ಒಂದು ಸ್ಕ್ರೂಡ್ರೈವರ್. ಈ ಸಲ ಮಾತ್ರ ನಿಜವಾದ ಆಯುಧ! ಚೆಲ್ಲಿದ ಅಕ್ಕಿಯನ್ನೇ ಹಿತ್ತಾಳೆ ಚೊಂಬಿಗೆ ತುಂಬಿ ಮೂರು ಬಾಣಗಳನ್ನು ಅಲಗು ಮೇಲಾಗಿ ನಿಲ್ಲಿಸಿದೆ. ಸುಚೇತಾ ಅರಿಶಿನ ಕುಂಕುಮ ಇಟ್ಟು, ಸೇವಂತಿಗೆ ಏರಿಸಿದಳು. ನನಗೆ ಅದು ಸಾಲದೆನಿಸಿತು. ದೇವಿಯ ತ್ರಿಶೂಲ ನೆನಪಾಯಿತು. ಮೂರು ಅಲಗಿಗೂ ಒಂದೊಂದು ನಿಂಬೆಹಣ್ಣು ಚುಚ್ಚಿದೆ.

"ಹುಳಿ ಅಲ್ವಾ? ಏನೂ ಆಗಲ್ವಾ?" ಎಂದು ಕೇಳಿದಳು.

"ಲೋಹದ ವಿಷಯ ನನಗೆ ಬಿಡು."

ಈ ಮಾತನ್ನು ಓದುಗರು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಿ. ಸುಚೇತಾ ಇಟ್ಟುಕೊಂಡಿದ್ದಾಳೆ.

ಫೋಟೋ ತೆಗೆದು ಗೆಳೆಯರ ವಾಟ್ಸಾಪ್ ಗುಂಪಿಗೆ ಹಾಕಿದೆ. ಅರವತ್ತನಾಲ್ಕು ಕೈಮುಗಿದ ಚಿತ್ರಗಳು ಬಂದವು. ಶಿಕಾಗೋ ಪಕ್ಕದ ಹಾಫ್‌ಮನ್ ಎಸ್ಟೇಟ್ಸಿನಿಂದ ಗೆಳೆಯ ಶಿವರಾಮು, "ಸತ್ಯಣ್ಣ, ಈ ಸಲ ಜಂಬೂಸವಾರಿ ನಿಮ್ಮ ಬಡಾವಣೆಯಿಂದಲೇ ಹೊರಡುತ್ತಾ? ಆನೆ ಬೇಕಾದ್ರೆ ನಾನೇ ಬರ್ತೀನಿ" ಎಂದು ಬರೆದ. ಪೂಜೆಗೆ ಇಟ್ಟದ್ದನ್ನು ಮಾರನೆಯ ದಿನದವರೆಗೆ ಮುಟ್ಟುವ ಹಾಗಿಲ್ಲ. ಮುಟ್ಟಲಿಲ್ಲ.

ಮಾರನೆಯ ಬೆಳಿಗ್ಗೆ ಹತ್ತು ಗಂಟೆಗೆ ನಿಂಬೆಹಣ್ಣು ಕಿತ್ತೆ. ಬೆಳ್ಳಿಯ ಹಾಗೆ ಹೊಳೆಯುತ್ತಿದ್ದ ಅಲಗುಗಳು ಕಪ್ಪಗಾಗಿದ್ದವು. ಕೈಮೇಲೆ ಎಳೆದು ನೋಡಿದೆ. ಒಂದು ಕೂದಲೂ ಅಲುಗಲಿಲ್ಲ. ಇಪ್ಪತ್ತನಾಲ್ಕು ಗಂಟೆ ಆಮ್ಲದಲ್ಲಿಟ್ಟರೆ ಇಂಗಾಲದ ಉಕ್ಕಿನ ತೆಳು ಅಂಚು ಕರಗುತ್ತದೆ. ನನ್ನ ಕಚೇರಿಯಲ್ಲಿ ಇದೇ ಪರೀಕ್ಷೆಯನ್ನು ನಾನು ದುಡ್ಡು ತೆಗೆದುಕೊಂಡು ಮಾಡುತ್ತೇನೆ.

ಸ್ಟ್ಯಾನ್ ಬರುವುದು ಒಂದು ಗಂಟೆಗೆ. ಕೋನ ಹಿಡಿಯುವ ಸಾಧನ, ನಾಲ್ಕು ಬಗೆಯ ಕಲ್ಲು, ಎಲ್ಲವನ್ನೂ ಹರಡಿಕೊಂಡು ಕೂತೆ. ಮುಕ್ಕಾಲು ಗಂಟೆ ಮಸೆದ ಮೇಲೆ ಗೊತ್ತಾಯಿತು, ಗಾಬರಿಯಲ್ಲಿ ಮೊದಲನೆಯ ಅಲಗನ್ನು ಎರಡೂ ಮಗ್ಗುಲಿಗೆ ಮಸೆದುಬಿಟ್ಟಿದ್ದೆ. ಅದು ಈಗ ಸಿಂಗಲ್ ಬೆವೆಲ್ ಅಲ್ಲ, ಬೆಣ್ಣೆ ಸವರುವ ಚಾಕು. ಮೊಂಡು ಬಾಣ ಕೊಟ್ಟರೆ ಜಿಂಕೆ ಗಾಯಗೊಂಡು ಕಾಡಿನಲ್ಲಿ ನರಳುತ್ತದೆ. ಕೊಡದಿದ್ದರೆ ಸ್ಟ್ಯಾನ್‌ರ ಕೊನೆಯ ಬೇಟೆ ನನ್ನ ಗ್ಯಾರೇಜಿನಲ್ಲೇ ಮುಗಿಯುತ್ತದೆ. ತಲೆಯ ಮೇಲೆ ಕೈ ಹೊತ್ತು ಕೂತೆ.

ಸುಚೇತಾ ಬಂದು ನೋಡಿದಳು. ಬೈಯುತ್ತಾಳೆಂದುಕೊಂಡೆ. ಬೈಯಲಿಲ್ಲ.

"ಒಂದೇ ಕಡೆ ತಾನೇ ಮಸೀಬೇಕು? ಇನ್ನೊಂದು ಕಡೆ ಬರೀ ಮಸೆದಾಗ ಎದ್ದ ಮುಳ್ಳು ತೆಗೆಯೋದು?"

"ನಿನಗೆ ಹೇಗೆ ಗೊತ್ತು?"

"ನಮ್ಮಜ್ಜಿ ಈಳಿಗೆಮಣೆ ಹಾಗೇ ಮಸೀತಿದ್ದಿದ್ದು. ಕೊಡಿ ಇಲ್ಲಿ."

ಒಳಗೆ ಹೋಗಿ ಉಪ್ಪಿನಕಾಯಿಯ ಪಿಂಗಾಣಿ ಭರಣಿಯನ್ನು ತಂದಳು. ಖಾಲಿಯಾಗಿದ್ದುದು ನಮ್ಮ ಪುಣ್ಯ. ಅದನ್ನು ಬೋರಲು ಹಾಕಿದಳು. ಭರಣಿಯ ತಳದಲ್ಲಿ ಹೊಳಪು ಬಳಿಯದ ಒರಟು ಬಳೆಯಂಥ ಅಂಚಿರುತ್ತದಲ್ಲ, ಅದರ ಮೇಲೆ ನಾಲ್ಕು ಹನಿ ನೀರು ಹಾಕಿ, ಅಲಗನ್ನು ಮೊದಲೇ ಮಸೆದಿದ್ದ ಇಳಿಜಾರಿನ ಮೇಲೆಯೇ ಒರಗಿಸಿ ಒಂದೇ ದಿಕ್ಕಿಗೆ ಎಳೆಯತೊಡಗಿದಳು. ಕೋನ ಅಳೆಯಲಿಲ್ಲ, ಎಣಿಸಲಿಲ್ಲ. ಆಗಾಗ ಕಿವಿಗೊಟ್ಟು ಸದ್ದು ಕೇಳಿಸಿಕೊಂಡಳು.

"ಇಪ್ಪತ್ತೈದು ಡಿಗ್ರಿ" ಎಂದು ನಾನು ಸಣ್ಣಗೆ ಹೇಳಿದೆ.

"ನೀವು ನೀರು ಹಾಕಿ."

ನೀರು ಹಾಕಿದೆ. ನಾನು ಕೆಡಿಸಿದ್ದನ್ನು ಬಿಟ್ಟು ಉಳಿದ ಎರಡು ಬಾಣ ಇಪ್ಪತ್ತು ನಿಮಿಷದಲ್ಲಿ ಮುಗಿದವು. ಪರೀಕ್ಷೆಗೆ ನನ್ನ ಕೈಯನ್ನೇ ಎಳೆದುಕೊಂಡಳು. ಉಳಿದಿದ್ದ ಕೂದಲೂ ಹೋಯಿತು.

ಸ್ಟ್ಯಾನ್ ಒಂದಕ್ಕೆ ಸರಿಯಾಗಿ ಬಂದರು. ಅಲಗಿನ ಬುಡದಲ್ಲಿ ಅಂಟಿದ್ದ ಅರಿಶಿನವನ್ನು ಬೆರಳಿನಿಂದ ಮುಟ್ಟಿ ಏನೆಂದು ಕೇಳಿದರು. ಕೆಲಸದ ಸಾಮಾನುಗಳಿಗೆ ವರ್ಷಕ್ಕೊಂದು ದಿನ ಪೂಜೆ ಮಾಡುತ್ತೇವೆ ಎಂದೆ. ಅವರು ಟೋಪಿ ತೆಗೆದರು. "ನಮ್ಮಪ್ಪ ಬಿಲ್ಲನ್ನು ಚರ್ಚಿಗೆ ಒಯ್ಯುತ್ತಿದ್ದ. ಒಂದೇ ಬಾಣ ಸಾಕಾಗಲಿ ಅಂತ ಕೇಳಿಕೊಳ್ಳೋಕೆ" ಎಂದು ಹೇಳಿ ಹೊರಟುಹೋದರು.

ಆ ಮಧ್ಯಾಹ್ನ ಸುಚೇತಾ ಆಫೀಸಿನ ಕರೆಗಳನ್ನೆಲ್ಲ ಕಿಟಕಿಯ ಪಕ್ಕ ನಿಂತೇ ಮುಗಿಸಿದಳು. ಏಳು ಗಂಟೆಗೆ ಟ್ರಕ್ ಬಂತು. ಸ್ಟ್ಯಾನ್ ಇಳಿದು ನೇರ ನಮ್ಮ ಬಾಗಿಲಿಗೆ ಬಂದರು. ಸುಚೇತಾ ಕೇಳಿದ್ದು ಒಂದೇ ಪ್ರಶ್ನೆ, "ಡಿಡ್ ಇಟ್ ಸಫರ್?"

"ಇಲ್ಲಮ್ಮ. ಹದಿನಾಲ್ಕು ಹೆಜ್ಜೆ ದೂರದಲ್ಲಿತ್ತು. ಬಾಣ ದಾಟಿದ್ದು ಅದಕ್ಕೆ ಗೊತ್ತೇ ಆಗಲಿಲ್ಲ. ತಲೆ ಎತ್ತಿ ನೋಡಿತು, ನಾಲ್ಕು ಹೆಜ್ಜೆ ಇಟ್ಟಿತು, ಮಲಗಿತು. ಒಂದೇ ಬಾಣ."

ಅವಳು ತಲೆಯಾಡಿಸಿ ದೇವರ ಕೋಣೆಗೆ ಹೋಗಿ ಒಂದು ನಿಮಿಷ ನಿಂತು ಬಂದಳು. ನಮಗೂ ಒಂದು ಪಾಲು ಮಾಂಸ ಕೊಡಬೇಕೆಂದು ಸ್ಟ್ಯಾನ್ ಬಾಯಿ ತೆರೆದವರು, ನಮ್ಮ ಮೂವರ ಮುಖ ನೋಡಿ ಅವರೇ ಮುಚ್ಚಿಕೊಂಡರು. ಆಮೇಲೆ ನನ್ನ ಭುಜ ತಟ್ಟಿ, "ಪ್ರೊಫೆಸರ್, ಅದ್ಭುತವಾದ ಅಂಚು. ಹೇಗೆ ಮಾಡಿದೆ?" ಎಂದರು.

ನಾನು ಗಂಟಲು ಸರಿಮಾಡಿಕೊಳ್ಳುವುದರೊಳಗೆ ಇಂಚರ ಇಡೀ ಕಥೆಯನ್ನು ಇಂಗ್ಲಿಷಿನಲ್ಲಿ, ನಿಂಬೆಹಣ್ಣಿನ ಫೋಟೋ ಸಮೇತ, ಒಂದಕ್ಷರ ಬಿಡದೆ ಒಪ್ಪಿಸಿದಳು. ಸ್ಟ್ಯಾನ್ ನಗಲಿಲ್ಲ. ಮರ್ಯಾದಸ್ಥರು. ಟ್ರಕ್ಕಿನವರೆಗೆ ತಡೆದುಕೊಂಡಿದ್ದರು.

ನವೆಂಬರಿನಲ್ಲಿ ಅವರು ಅರಿಜೋನಾಕ್ಕೆ ಹೊರಟ ದಿನ ಸುಚೇತಾ ಒಂದು ಚಿಕ್ಕ ಭರಣಿಯನ್ನು ಟವೆಲಿನಲ್ಲಿ ಸುತ್ತಿ ಅವರ ಕೈಗಿಟ್ಟಳು. ಅವರು ಅವಳಿಗೆ ಆ ಒಂದು ಬಾಣವನ್ನು ಕೊಟ್ಟರು, ತೊಳೆದು ಎಣ್ಣೆ ಹಚ್ಚಿದ್ದನ್ನು. ಬರುವ ವರ್ಷದ ಪೂಜೆಗೆ ಎಂದರು. ನನಗೂ ಒಂದು ಪೊಟ್ಟಣ ಕೊಟ್ಟು, ತಾವು ಹೋದ ಮೇಲೆ ಬಿಚ್ಚಬೇಕೆಂದರು.

ಟ್ರಕ್ ತಿರುವಿನಲ್ಲಿ ಮರೆಯಾದ ಮೇಲೆ ಬಿಚ್ಚಿದೆ. ಒಳಗಿದ್ದದ್ದು ನಿಂಬೆಹಣ್ಣು ಹಿಂಡುವ ಸ್ಟೇನ್‌ಲೆಸ್ ಸ್ಟೀಲಿನ ಇಕ್ಕಳ. ನಾನು ಕೊಟ್ಟಿದ್ದ ಸ್ಪ್ರೆಡ್‌ಶೀಟಿನ ಪ್ರಿಂಟಿನಲ್ಲೇ ಅದನ್ನು ಸುತ್ತಿದ್ದರು. ತುಕ್ಕಿನ ಕಾಲಮ್ಮಿನಲ್ಲಿ ನಾನು ಹಾಕಿದ್ದ ಎರಡನ್ನು ಹೊಡೆದುಹಾಕಿ, ನಡುಗುವ ಕೈಯಲ್ಲಿ ನೂರು ಎಂದು ಬರೆದಿದ್ದರು.